ಕೌದಿಯ ಮೇಲೆ ಹೆಸರಿಲ್ಲ

ಹಾನಗಲ್ಲ ತಾಲೂಕಿನ ಆಡೂರಿಗೆ ಇತಿಹಾಸದ ಪುಸ್ತಕಗಳಲ್ಲಿ ಜಾಗ ಸಿಕ್ಕಿರುವುದು ಒಂದು ಕಲ್ಲಿನಿಂದ. ಬಾದಾಮಿ ಚಾಲುಕ್ಯ ದೊರೆ ಕೀರ್ತಿವರ್ಮನ ಹೆಸರಿರುವ ಅಲ್ಲಿಯ ಶಾಸನವು ಸಂಸ್ಕೃತ, ಕನ್ನಡ ಎರಡನ್ನೂ ಬಳಸಿ, ಜಿನಾಲಯಕ್ಕೆ ಭೂಮಿ ಬಿಟ್ಟ ಸಂಗತಿಯನ್ನೂ ಬಿಟ್ಟವರ ಹೆಸರನ್ನೂ ಹೇಳುತ್ತದೆ. ಹನ್ನೆರಡು ಶತಮಾನ ಕಳೆದರೂ ದಾನಿಯ ಹೆಸರು ಓದಲು ಸಿಗುತ್ತದೆ. ಅದೇ ಸೀಮೆಯ ಮನೆಗಳಲ್ಲಿ ಹಾಸಿಗೆಯ ಮೇಲೆ ಮಡಚಿಟ್ಟಿರುವ ಕೌದಿಯನ್ನು ಯಾರು ಹೊಲಿದರು ಎಂದು ಕೇಳಿದರೆ, ಎರಡು ತಲೆಮಾರಿನ ಆಚೆಗೆ ಉತ್ತರ ಸಿಗುವುದು ಕಷ್ಟ. ಅಮ್ಮ ಹೊಲಿದಿದ್ದು, ಅಜ್ಜಿ ಹೊಲಿದಿದ್ದು ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಊರಿಂದೂರಿಗೆ ತಿರುಗುವ ಅಲೆಮಾರಿ ಹೆಂಗಸರು ಹೊಲಿದುಕೊಟ್ಟಿದ್ದಾದರೆ ಅಷ್ಟೂ ಇಲ್ಲ. ಕೌದಿ ಎಂದರೆ ಹೊದೆಯುವ ವಸ್ತು; ಅದಕ್ಕೆ ಕರ್ತೃ ಯಾಕೆ ಎಂಬುದು ಸಾಮಾನ್ಯ ತಿಳಿವಳಿಕೆ.

ಈ ತಿಳಿವಳಿಕೆಯನ್ನು ಕದಲಿಸಿದ ಒಂದು ಸಂಗತಿ 2011ರಲ್ಲಿ ನಡೆಯಿತು. ಆಡೂರಿನಿಂದ ಹಾನಗಲ್ಲ ದಾಟಿ ಪಡುವಣಕ್ಕೆ ಹೋದರೆ ಬಯಲು ಸೀಮೆ ಮುಗಿದು ಕಾಡು ಶುರುವಾಗುತ್ತದೆ. ಅಲ್ಲಿಂದಾಚೆ ಮುಂಡಗೋಡ ತಾಲೂಕು. ಅಲ್ಲಿಯ ಮೈನಳ್ಳಿ, ಗುಂಜಾವತಿಯಂಥ ಊರುಗಳಲ್ಲಿ, ಹಾಗೆಯೇ ಯಲ್ಲಾಪುರ, ಹಳಿಯಾಳ ತಾಲೂಕುಗಳ ಕಾಡಂಚಿನಲ್ಲಿ ವಾಸವಾಗಿರುವವರು ಸಿದ್ದಿಗಳು. ಇವರ ಪೂರ್ವಜರು ಆಫ್ರಿಕದವರು. ಈ ಸಿದ್ದಿ ಹೆಂಗಸರು ಹೊಲಿದ ಕೌದಿಗಳು ಆ ವರ್ಷ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಷೋಂಬರ್ಗ್ ಕೇಂದ್ರದ ಗೋಡೆಯನ್ನೇರಿದವು. ಕರಿಯರ ಇತಿಹಾಸ, ಸಂಸ್ಕೃತಿಗಳ ಸಂಶೋಧನೆಗೆಂದೇ ಇರುವ ಹೆಸರಾಂತ ಸಂಸ್ಥೆ ಅದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಭ್ಯಾಸ ಮಾಡಿ, ಹೊಲಿಯುವವರದೊಂದು ಸಹಕಾರ ಸಂಘಕ್ಕೆ ನೆರವಾಗಿ, ಪ್ರದರ್ಶನವನ್ನು ರೂಪಿಸಿದ್ದರು. ಹೊದೆಯುವ ವಸ್ತು ನೋಡುವ ವಸ್ತುವಾಯಿತು. ಸಿದ್ದಿಗಳ ಕಲೆ ಎಂದರೆ ಕುಣಿತವೊಂದೇ ಎಂದುಕೊಂಡಿದ್ದ ಕನ್ನಡ ನಾಡಿಗೆ ಈ ಸುದ್ದಿ ತಲುಪಿದ್ದು ಸ್ವಲ್ಪ ನಿಧಾನವಾಗಿಯೇ.

ಸಿದ್ದಿಗಳ ಕೌದಿಗೂ ಬಯಲು ಸೀಮೆಯ ಕೌದಿಗೂ ನಂಟಿದೆ. ಎರಡಕ್ಕೂ ಬೇಕಾದದ್ದು ಹಳೆಯ ಬಟ್ಟೆ, ಸೂಜಿ, ದಾರ, ಬಿಡುವು. ಉಟ್ಟು ಸವೆದ ಸೀರೆ, ಮಕ್ಕಳಿಗೆ ಗಿಡ್ಡವಾದ ಅಂಗಿ, ಹರಿದ ಲುಂಗಿ, ರವಿಕೆಯ ತೋಳು, ಯಾವುದೂ ವ್ಯರ್ಥವಲ್ಲ. ಸಾಮಾನ್ಯವಾಗಿ ಒಂದು ಹತ್ತಿಯ ಸೀರೆ ಹಿಂಬದಿಯಾಗುತ್ತದೆ. ಸಿದ್ದಿ ಹೆಂಗಸು ಹೊಲಿಗೆ ಶುರು ಮಾಡುವುದು ಮೂಲೆಯಿಂದ. ಅಂಚು ಹಿಡಿದು ಒಂದೊಂದೇ ತುಂಡನ್ನು ಇಡುತ್ತ, ಅದರ ಬದಿಯನ್ನು ಒಳಕ್ಕೆ ಮಡಚುತ್ತ, ಹೆಚ್ಚಾಗಿ ಅಪ್ರದಕ್ಷಿಣವಾಗಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾಳೆ. ಹೊಲಿಗೆಯ ಸಾಲುಗಳು ಬಟ್ಟೆಯ ಮೇಲೆ ಎದ್ದು ಕಾಣುತ್ತವೆ. ಅವನ್ನು ಮುಚ್ಚುವ ಪ್ರಯತ್ನವಿಲ್ಲ. ಮೊದಲೇ ಬರೆದಿಟ್ಟುಕೊಂಡ ನಕ್ಷೆಯೂ ಇಲ್ಲ. ಕೈಗೆ ಸಿಕ್ಕ ಕೆಂಪು ತುಂಡಿನ ಪಕ್ಕ ಯಾವ ಬಣ್ಣ ಕೂರಬೇಕು ಎಂಬ ತೀರ್ಮಾನ ಅಲ್ಲಿಯೇ, ಆ ಗಳಿಗೆಯಲ್ಲೇ ಆಗುತ್ತದೆ. ಹೊಲಿಗೆ ಮುಗಿಯಿತು ಎನ್ನುವಾಗ ನಾಲ್ಕೂ ಮೂಲೆಗೆ ಪದರ ಪದರವಾಗಿ ಮಡಚಿದ ಪುಟ್ಟ ತುಂಡುಗಳನ್ನು ಸೇರಿಸುತ್ತಾರೆ. ಅದಕ್ಕೆ ಅವರು ಕೊಟ್ಟಿರುವ ಹೆಸರು ಫುಲಾ, ಹೂವು. ಫುಲಾ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಚಳಿ ತಡೆಯಲು ಹೂವು ಬೇಕಿಲ್ಲ. ಮೂಲೆಯಲ್ಲಿ ನಾಲ್ಕು ಹೂವಿಲ್ಲದಿದ್ದರೂ ಮಗು ಬೆಚ್ಚಗೆ ಮಲಗುತ್ತದೆ. ಉಪಯೋಗಕ್ಕೆ ಬೇಡದ್ದನ್ನು, ಇಲ್ಲದಿದ್ದರೆ ಅಪೂರ್ಣವೆಂದು ಅನ್ನಿಸುವಷ್ಟು ಅಗತ್ಯವೆಂದು ತಿಳಿಯುವವರನ್ನು ಕಲಾವಿದರು ಎನ್ನದೆ ಬೇರೆ ಏನೆನ್ನಬೇಕು? ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಕ್ರೈಸ್ತ ಮನೆಯ ಕೆಲವು ಕೌದಿಗಳಲ್ಲಿ ಶಿಲುಬೆ, ಮುಸಲ್ಮಾನ ಮನೆಯ ಕೆಲವು ಕೌದಿಗಳಲ್ಲಿ ಚಂದ್ರ ಕಾಣಿಸಿಕೊಳ್ಳುವುದುಂಟು. ಹೊಲಿಗೆ ಮಾತ್ರ ಮೂವರದೂ ಒಂದೇ. ಒಬ್ಬಳ ಕೌದಿಯನ್ನು ನೋಡಿ ಇದು ಇಂಥವಳ ಕೈ ಎಂದು ಗುರುತು ಹಿಡಿಯುವ ನೆರೆಹೊರೆಯವರಿರುವಾಗ ಸಹಿ ಹಾಕುವ ಅಗತ್ಯ ಯಾರಿಗೂ ಬೀಳಲಿಲ್ಲ. ಹೆಸರಿನ ತೊಂದರೆ ಎದುರಾದದ್ದು ಕೌದಿ ಊರು ದಾಟಿದ ಮೇಲೆ.

ಹಾಗೆ ನೋಡಿದರೆ ಈ ಜನರಿಗೆ ಹೆಸರಿನ ತೊಂದರೆ ಹೊಸದಲ್ಲ. ಪೋರ್ಚುಗೀಸರು ಗೋವೆಯನ್ನು ಗೆದ್ದದ್ದು 1510ರಲ್ಲಿ. ಅದಕ್ಕೂ ಮುಂಚಿನಿಂದ ಅರಬ್ಬಿ ವ್ಯಾಪಾರಿಗಳು, ಆ ನಂತರ ಪೋರ್ಚುಗೀಸರು ಆಫ್ರಿಕದ ಪೂರ್ವ ಕರಾವಳಿಯಿಂದ ಗುಲಾಮರನ್ನು ಹಡಗು ಹತ್ತಿಸಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ತಂದರು. ಗೋವೆಯ ಮನೆಗಳಲ್ಲಿ, ಹಡಗುಗಳಲ್ಲಿ ದುಡಿದವರ ಪೈಕಿ ಕೆಲವರು ತಪ್ಪಿಸಿಕೊಂಡರು, ಕೆಲವರು ಬಿಡುಗಡೆ ಪಡೆದರು; ಹಲವರು ಘಟ್ಟ ಹತ್ತಿ ಇಂದಿನ ಉತ್ತರ ಕನ್ನಡದ ಕಾಡು ಸೇರಿದರು. ಪೋರ್ಚುಗೀಸ್ ಆಳ್ವಿಕೆಯ ಸೀಮೆಗಳಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1869ರಲ್ಲಿ. ಹಡಗು ಹತ್ತುವಾಗ ಅವರಿಗಿದ್ದ ಹೆಸರುಗಳನ್ನು ಬಹುಮಟ್ಟಿಗೆ ಯಾರೂ ಬರೆದಿಡಲಿಲ್ಲ. ಇಳಿದ ಮೇಲೆ ಒಡೆಯನು ಇಟ್ಟದ್ದೇ ಹೆಸರು.

ದಖ್ಖಣದ ಸುಲ್ತಾನರ ಆಸ್ಥಾನಗಳಿಗೆ ಬಂದ ಆಫ್ರಿಕನ್ನರ ಕಥೆ ಬೇರೆ ರೀತಿಯದು. ಅವರನ್ನು ಇಲ್ಲಿ ಹಬಶಿಗಳು ಎನ್ನುತ್ತಿದ್ದರು. ಅಬಿಸೀನಿಯದವರು ಎಂದು ಅರ್ಥ. ಗುಲಾಮರಾಗಿ ಬಂದು ಸೇನಾಪತಿ, ಮಂತ್ರಿಗಳಾದವರು ಅವರಲ್ಲಿ ಹಲವರು. ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆ 16ನೇ ಶತಮಾನದಲ್ಲಿ ವಿಜಾಪುರದ ಆದಿಲಶಾಹಿಗಳ ಕೈಸೇರಿತು. ಅಂದರೆ ಆಡೂರಿನ ಆಸುಪಾಸಿನ ಸೀಮೆಯೂ ಹಬಶಿ ಮಂತ್ರಿಗಳಿದ್ದ ಒಂದು ಆಸ್ಥಾನದ ಆಡಳಿತವನ್ನು ಕಂಡಿದೆ. ಆದರೆ ಆ ದೊಡ್ಡ ಮನುಷ್ಯರ ಹೆಸರುಗಳನ್ನು ಸ್ವಲ್ಪ ನಿಂತು ನೋಡಬೇಕು. ಅಂಬರ್ ಎಂದರೆ ತಿಮಿಂಗಿಲದಿಂದ ದೊರೆಯುವ ಸುಗಂಧದ್ರವ್ಯ. ರೈಹಾನ್ ಎಂದರೆ ಕಾಮಕಸ್ತೂರಿ. ಆ ಹೆಸರಿನ ಒಬ್ಬ ಅಧಿಕಾರಿಯ ಗೋರಿ ಶಿರಾದಲ್ಲಿದೆ. ಸಂದಲ್ ಎಂದರೆ ಶ್ರೀಗಂಧ, ಯಾಕೂತ್ ಎಂದರೆ ಮಾಣಿಕ್ಯ. ಪೇಟೆಯಲ್ಲಿ ಕೊಂಡು ತಂದ ಬೆಲೆಬಾಳುವ ಸರಕಿಗೆ ಇಡುವ ಹೆಸರುಗಳಿವು. ಮೊಗಲರನ್ನು ದಶಕಗಳ ಕಾಲ ಕಾಡಿದ ಅಹಮದನಗರದ ಮಲಿಕ್ ಅಂಬರನ ಹುಟ್ಟು ಹೆಸರು ಚಾಪು ಎಂದು ಉಳಿದುಬಂದಿರುವುದು ಅಪರೂಪದ ಅದೃಷ್ಟ.

ಕಲೆಯ ಮಾತಿಗೆ ಬಂದರೆ ಇಲ್ಲಿ ಮುಖ್ಯನಾಗುವವನು ಮಲಿಕ್ ಸಂದಲ್. ವಿಜಾಪುರದ ಇಬ್ರಾಹಿಂ ರೋಜಾವನ್ನು ನೋಡದ ಶಾಲಾ ಪ್ರವಾಸ ಉತ್ತರ ಕರ್ನಾಟಕದಲ್ಲಿ ಕಡಿಮೆ. ಎರಡನೆಯ ಇಬ್ರಾಹಿಂ ಆದಿಲಶಾಹ 1627ರಲ್ಲಿ ತೀರಿಕೊಂಡು ಅಲ್ಲಿ ಮಣ್ಣಾದ. ಕಲ್ಲಿನಲ್ಲಿ ಅಕ್ಷರವನ್ನೇ ಜಾಲಂದರವಾಗಿ ಕೊರೆದ ಆ ಕಟ್ಟಡದ ಪಾರಸಿ ಬರಹ, ರಾಣಿ ತಾಜ್ ಸುಲ್ತಾನಾಳ ಆಜ್ಞೆಯಂತೆ ಈ ಕೆಲಸವನ್ನು ಮುಗಿಸಿದವನು ಮಲಿಕ್ ಸಂದಲ್ ಎಂದು ಹೆಸರು ಹಿಡಿದು ಹೇಳುತ್ತದೆ. ಅವನು ಹಬಶಿ ಎಂದು ದಖ್ಖಣದ ಆಫ್ರಿಕನ್ನರ ಬಗ್ಗೆ ಬರೆದ ವಿದ್ವಾಂಸರು ಹೇಳುತ್ತಾರೆ. ಪರ್ಷಿಯದ ಶಿಲ್ಪಿ ಎಂದು ಬರೆದವರೂ ಇದ್ದಾರೆ. ವಾದ ಮುಗಿದಿಲ್ಲ. ಆದರೆ ಒಳ್ಳೆಯ ಕಟ್ಟಡ ಎದುರಾದ ಕೂಡಲೇ ಅದರ ಕರ್ತೃವನ್ನು ಪರ್ಷಿಯಕ್ಕೆ ಕಳಿಸಿಬಿಡುವ ಈ ಅಭ್ಯಾಸವನ್ನು ಗಮನಿಸಬೇಕು. ಶ್ರೀಗಂಧ ಎಂಬ ಹೆಸರನ್ನು ಹೊತ್ತವನು ಎಂಥ ದಾರಿಯಿಂದ ಆಸ್ಥಾನಕ್ಕೆ ಬಂದಿದ್ದಾನು ಎಂಬ ಸುಳಿವು ಆ ಹೆಸರಿನಲ್ಲೇ ಇದೆ. ಇನ್ನು ಹಬಶಿ ಮಂತ್ರಿ ಇಖ್ಲಾಸ್ ಖಾನನದು ಸಂದೇಹವಿಲ್ಲದ ಪ್ರಕರಣ. ಅವನ ಚಿತ್ರಗಳೇ ಇವೆ. ಸುಲ್ತಾನ ಮಹಮ್ಮದ್ ಆದಿಲಶಾಹನ ಜೊತೆ ಒಂದೇ ಆನೆಯ ಮೇಲೆ ಕುಳಿತ ಅವನನ್ನು ಆಸ್ಥಾನದ ಚಿತ್ರಕಾರರಾದ ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ 1645ರ ಸುಮಾರಿಗೆ ಬರೆದಿದ್ದಾರೆ. ಅಲ್ಲಿ ಕಪ್ಪು ಮೈಬಣ್ಣ ಅವಮಾನದ ಗುರುತಲ್ಲ. ದೊರೆಯ ಹಿಂದೆ ಕೂತ ಅಧಿಕಾರದ ಬಣ್ಣ.

ಕರಿಯ ಕಲಾವಿದನ ಹೆಸರು ಕಲೆಯ ಇತಿಹಾಸದಲ್ಲಿ ಎಲ್ಲಿದೆ ಎಂಬ ಪ್ರಶ್ನೆಯನ್ನು ಬೀದಿಗೆ ತಂದು ಜಗಳವಾಡಿ ಕೇಳಿದ ನಾಡು ಒಂದಿದ್ದರೆ ಅದು ಬ್ರಿಟನ್. ಎರಡನೆಯ ಮಹಾಯುದ್ಧದ ನಂತರ ವಸಾಹತುಗಳಿಂದ ಅಲ್ಲಿಗೆ ಹೋದ ಕಲಾವಿದರು ಒಳ್ಳೆಯ ಕೆಲಸ ಮಾಡಿದರು, ಕೆಲಕಾಲ ಹೊಗಳಿಸಿಕೊಂಡರು, ಆಮೇಲೆ ಪುಸ್ತಕಗಳಿಂದ ಜಾರಿಹೋದರು. ಗಯಾನಾದಿಂದ ಹೋದ ಫ್ರಾಂಕ್ ಬೌಲಿಂಗ್, ಡೇವಿಡ್ ಹಾಕ್ನಿ ಇಬ್ಬರೂ ಲಂಡನ್ನಿನ ರಾಯಲ್ ಕಾಲೇಜಿನಲ್ಲಿ ಸಹಪಾಠಿಗಳು. 1962ರಲ್ಲಿ ಹಾಕ್ನಿಗೆ ಚಿನ್ನದ ಪದಕ, ಬೌಲಿಂಗ್‌ಗೆ ಬೆಳ್ಳಿ. ಹಾಕ್ನಿ ಲೋಕಪ್ರಸಿದ್ಧನಾದ, ಬೌಲಿಂಗ್‌ನ ಜೀವಮಾನದ ಕೆಲಸವನ್ನು ಟೇಟ್ ಗ್ಯಾಲರಿ ಒಟ್ಟಾಗಿ ತೋರಿಸಿದ್ದು 2019ರಲ್ಲಿ, ಆತನಿಗೆ 85 ವರ್ಷವಾದಾಗ. ಜಮೈಕಾದ ಶಿಲ್ಪಿ ರೊನಾಲ್ಡ್ ಮೂಡಿ 1936ರಲ್ಲಿ ಕೆತ್ತಿದ ಮರದ ಮಹಾಶಿಲ್ಪವನ್ನು ಅದೇ ಸಂಸ್ಥೆ ಕೊಂಡದ್ದು 1992ರಲ್ಲಿ. ಶಿಲ್ಪಿ ಸತ್ತು ಎಂಟು ವರ್ಷವಾಗಿತ್ತು.

ಅಲ್ಲಿ 1980ರ ದಶಕದಲ್ಲಿ ಕಪ್ಪು ಎಂಬ ಮಾತಿನ ಹರವು ದೊಡ್ಡದಿತ್ತು. ಆಫ್ರಿಕ, ಕೆರಿಬಿಯನ್ ಮೂಲದವರ ಜೊತೆ ಭಾರತ, ಪಾಕಿಸ್ತಾನಗಳಿಂದ ಹೋದವರೂ ತಮ್ಮನ್ನು ಅದೇ ಹೆಸರಿನಲ್ಲಿ ಕರೆದುಕೊಂಡು ಒಟ್ಟಿಗೆ ನಿಂತರು. 1982ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಎಳೆಯ ಕಲಾವಿದರು ಕರಿಯರ ಕಲೆಯ ಮೊದಲ ರಾಷ್ಟ್ರೀಯ ಸಮ್ಮೇಳನವನ್ನೇ ನಡೆಸಿದರು. ಕರಾಚಿಯಿಂದ 1964ರಲ್ಲಿ ಲಂಡನ್ನಿಗೆ ಹೋಗಿದ್ದ ರಶೀದ್ ಅರಾಯೀನ್, ಹತ್ತು ವರ್ಷ ಬಾಗಿಲು ತಟ್ಟಿ, 1989ರಲ್ಲಿ ಹೇವರ್ಡ್ ಗ್ಯಾಲರಿಯಲ್ಲಿ 24 ಕಲಾವಿದರ ಪ್ರದರ್ಶನವೊಂದನ್ನು ಏರ್ಪಡಿಸಿದ. ಇನ್ನೊಂದು ಕಥೆ ಎಂಬರ್ಥದ ಹೆಸರು ಅದಕ್ಕೆ. ಕೆಲವು ವಿಮರ್ಶಕರು ಮೂಗು ಮುರಿದರು. ಆ 24 ಜನರಲ್ಲಿ ಒಬ್ಬ ಗೋವೆಯ ಎಫ್. ಎನ್. ಸೋಜ. ಪೋರ್ಚುಗೀಸ್ ಗೋವೆಯಿಂದ ಗುಲಾಮರು ಹಿಡಿದ ದಾರಿ ಘಟ್ಟ ಹತ್ತಿ ಯಲ್ಲಾಪುರದ ಕಾಡಿಗೆ ಬಂದರೆ, ಅದೇ ಗೋವೆಯಲ್ಲಿ ಹುಟ್ಟಿದ ಚಿತ್ರಕಾರನ ದಾರಿ ಮುಂಬಯಿ ಮೂಲಕ ಲಂಡನ್ನಿಗೆ ಹೋಯಿತು. ಅಲ್ಲಿ ಅವನೂ ಕಪ್ಪು ಕಲಾವಿದರ ಸಾಲಿನಲ್ಲೇ ನಿಂತ.

ಈ ತಲೆಮಾರಿನ ಲುಬೈನಾ ಹಿಮಿದ್ ಹುಟ್ಟಿದ್ದು 1954ರಲ್ಲಿ ಜಾಂಜಿಬಾರ್‌ನಲ್ಲಿ. ಗುಲಾಮರ ಹಡಗುಗಳು ಹೊರಟ ಪೂರ್ವ ಆಫ್ರಿಕದ ಕರಾವಳಿಯಲ್ಲೇ ಇರುವ ದ್ವೀಪ ಅದು. ಕೂಸಾಗಿರುವಾಗಲೇ ಇಂಗ್ಲೆಂಡಿಗೆ ಹೋದ ಆಕೆ 2004ರಲ್ಲಿ ಹಲಗೆಯಲ್ಲಿ ಕತ್ತರಿಸಿ ಬಣ್ಣ ಬಳಿದ ನೂರು ಆಳೆತ್ತರದ ಮನುಷ್ಯರನ್ನು ಒಂದು ಕೋಣೆಯಲ್ಲಿ ನಿಲ್ಲಿಸಿದಳು. ಯುರೋಪಿನ ಶ್ರೀಮಂತರ ಮನೆಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ನರು ಅವರು: ಡೋಲು ಬಾರಿಸುವವರು, ಕುಣಿಯುವವರು, ಮಡಕೆ ಮಾಡುವವರು, ನಕಾಶೆ ಬರೆಯುವವರು. ಪ್ರತಿಯೊಬ್ಬರಿಗೂ ಎರಡು ಹೆಸರು, ಹುಟ್ಟಿನ ಹೆಸರು ಮತ್ತು ಒಡೆಯ ಇಟ್ಟ ಹೆಸರು. ಎರಡು ಕಸುಬು ಕೂಡ. ಚಾಪುವನ್ನು ಅಂಬರ್ ಮಾಡಿದ ವ್ಯವಹಾರವನ್ನೇ ಆಕೆ ನೂರು ಸಲ ಬರೆದಳು ಎನ್ನಬಹುದು. 2017ರಲ್ಲಿ ಆಕೆಗೆ ಟರ್ನರ್ ಪ್ರಶಸ್ತಿ ಬಂದಾಗ ವಯಸ್ಸು 63. ಐವತ್ತು ದಾಟಿದವರಿಗೆ ಇಲ್ಲವೆಂಬ ನಿಯಮವನ್ನು ಅದೇ ವರ್ಷ ತೆಗೆದುಹಾಕಿದ್ದರು. ಆ ಪ್ರಶಸ್ತಿ ಪಡೆದ ಮೊದಲ ಕರಿಯ ಮಹಿಳೆ ಆಕೆ.

ಬ್ರಿಟನ್ನಿನ ಕಲಾವಿದರಿಗೂ ಮುಂಡಗೋಡದ ಸಿದ್ದಿ ಹೆಂಗಸರಿಗೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಮರೆಯುವುದು ಅನ್ಯಾಯ. ಬೌಲಿಂಗ್, ಹಿಮಿದ್ ಇವರೆಲ್ಲ ಕಲಾಶಾಲೆಯಲ್ಲಿ ಕಲಿತವರು, ತಮ್ಮನ್ನು ಕಲಾವಿದರೆಂದು ಕರೆದುಕೊಂಡವರು. ಅವರಿಗೆ ಮುಚ್ಚಿದ್ದು ಗ್ಯಾಲರಿಯ ಬಾಗಿಲು. ಸಿದ್ದಿ ಹೆಂಗಸರ ಎದುರು ಎರಡು ಬಾಗಿಲುಗಳಿವೆ. ಕರಿಯರು ಎಂಬುದು ಒಂದು. ಇದು ಕಲೆಯಲ್ಲ, ಕೈಕಸುಬು ಎಂಬುದು ಇನ್ನೊಂದು. ಎರಡನೆಯದೇ ಗಟ್ಟಿ. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಹೆಂಗಸರು ತಲೆಮಾರುಗಳಿಂದ ಹೊಲಿಯುತ್ತಿದ್ದ ಚಿಂದಿ ಬಟ್ಟೆಯ ಹೊದಿಕೆಗಳನ್ನು 2002ರಲ್ಲಿ ದೊಡ್ಡ ಮ್ಯೂಸಿಯಂಗಳು ತೂಗುಹಾಕಿದಾಗ, ಇವು ಆಧುನಿಕ ಚಿತ್ರಕಲೆಗೆ ಸರಿಸಮ ಎಂದು ವಿಮರ್ಶಕರು ಬೆರಗಾದರು. ಹೊಗಳಿಕೆಯಲ್ಲೂ ಒಂದು ಕೊಂಕಿದೆ. ಹೊದಿಕೆ ಚೆನ್ನಾಗಿದೆ ಎನ್ನಲು ಚಿತ್ರಪಟದ ಸಾಕ್ಷಿ ಬೇಕಾಯಿತು.

ಈಗ ಸಿದ್ದಿ ಕೌದಿಗಳ ಸರದಿ. ಹಾರ್ಲೆಮ್‌ನ ನಂತರ ಆಸಕ್ತಿ ಬೆಳೆದಿದೆ. ಬೆಂಗಳೂರಿನ ಕಲಾವಿದೆ ಅನಿತಾ ಎನ್. ರೆಡ್ಡಿಯಂಥವರು ಸಿದ್ದಿ ಹೆಂಗಸರ ಜೊತೆ ಕೆಲಸ ಮಾಡಿ ಕೌದಿಗಳನ್ನು ಪ್ರದರ್ಶನಗಳಿಗೆ ತಂದಿದ್ದಾರೆ. ಕಾಡಿನ ಕೂಲಿಯನ್ನು ನಂಬಿದ ಮನೆಗೆ ಕೌದಿ ಮಾರಿ ಬರುವ ಹಣ ಸಣ್ಣದಲ್ಲ. ಆದರೆ ಮಾರುವ ಕೌದಿ ಉಟ್ಟು ಸವೆದ ಸೀರೆಯದಾಗಿರಬೇಕೋ, ಅಂಗಡಿಯಿಂದ ತಂದ ಹೊಸ ಬಟ್ಟೆಯದೋ? ಹೊಸ ಬಟ್ಟೆ ನೋಡಲು ಚೊಕ್ಕ, ಬಾಳಿಕೆ ಹೆಚ್ಚು. ಹಳೆ ಬಟ್ಟೆಯಲ್ಲಿ ಮಾತ್ರ ಮನೆಯವರ ಮೈ ಇರುತ್ತದೆ, ತೀರಿಹೋದ ಅಜ್ಜಿಯ ಸೀರೆಯ ಅಂಚು ಇರುತ್ತದೆ. ಕೊಳ್ಳುವವರ ರುಚಿಗೆ ಬಣ್ಣ ಬದಲಾಯಿಸಬೇಕೆ ಎಂಬುದೂ ಪ್ರಶ್ನೆಯೇ. ಇದನ್ನು ತೀರ್ಮಾನಿಸಬೇಕಾದವರು ಸೂಜಿ ಹಿಡಿದವರು, ಗ್ಯಾಲರಿಯವರಲ್ಲ. ಆ ಮಾತು ಹೇಳುವುದು ಸುಲಭ, ಹಣ ಕೊಡುವ ಕೈ ಎದುರಿಗಿರುವಾಗ ನಡೆಸುವುದು ಕಷ್ಟ.

ರಂಗಭೂಮಿಯಲ್ಲಿ ಕನ್ನಡ ನಾಡು ಸ್ವಲ್ಪ ಮೊದಲೇ ಎಚ್ಚೆತ್ತಿತ್ತು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್, ಯಲ್ಲಾಪುರ ತಾಲೂಕಿನ ಮಂಚಿಕೇರಿಯ ಸಿದ್ದಿಗಳ ನಡುವೆ ಕೆಲಸ ಮಾಡಿತು. ಚಿದಂಬರರಾವ್ ಜಂಬೆ ಅವರ ನಿರ್ದೇಶನದಲ್ಲಿ ಸಿದ್ದಿಗಳು ಆಡಿದ್ದು ನೈಜೀರಿಯದ ಚಿನುವ ಅಚಿಬೆಯ ಕಾದಂಬರಿಯ ರಂಗರೂಪವನ್ನು. ಬಿಳಿಯರು ಬಂದು ಒಂದು ಆಫ್ರಿಕನ್ ಹಳ್ಳಿ ಒಡೆದುಹೋಗುವ ಕಥೆ ಅದು. ಆಫ್ರಿಕವನ್ನು ಕಾಣದ ಆಫ್ರಿಕನ್ನರು ಅದನ್ನು ಕನ್ನಡದಲ್ಲಿ ಆಡಿದರು. ಮೆರವಣಿಗೆಗಳಲ್ಲಿ ಸರಕಾರ ಸಿದ್ದಿಗಳನ್ನು ದಮಾಮಿ ಕುಣಿತಕ್ಕೆ ಕರೆಯುವುದು ರೂಢಿ. ಅದೇ ದಶಕದಲ್ಲಿ, 1987ರಲ್ಲಿ, ಆಫ್ರಿಕದ ಮೈಕಟ್ಟು ಪದಕ ತರಬಹುದು ಎಂಬ ಲೆಕ್ಕದಲ್ಲಿ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಕೆಲವು ವರ್ಷಗಳ ಬಳಿಕ ಯೋಜನೆಯನ್ನು ಕೈಬಿಟ್ಟಿತು. ಕುಣಿತಕ್ಕೆ, ಓಟಕ್ಕೆ ಅವರ ಮೈ ಬೇಕಾಗಿತ್ತು. ನಾಟಕ ಕೇಳಿದ್ದು ಬೇರೆಯದನ್ನು, ಪಾತ್ರವನ್ನು ಅರ್ಥ ಮಾಡಿಕೊಳ್ಳುವ ಬುದ್ಧಿಯನ್ನು.

ಅದರ ಫಲ ಇಂದು ಕಾಣುತ್ತಿದೆ. ನೀನಾಸಮ್‌ನಲ್ಲಿ ಕಲಿತ ಗಿರಿಜಾ ಸಿದ್ದಿ ನಟಿ, ಗಾಯಕಿ. ಪ್ರಶಾಂತ್ ಸಿದ್ದಿ ಕನ್ನಡ ಚಿತ್ರಗಳ ಪರಿಚಿತ ಮುಖ. 2021ರ ಸಲಗ ಚಿತ್ರದ ಹಾಡೊಂದರಲ್ಲಿ ಸಿದ್ದಿ ಗಾಯಕಿಯರ ದನಿ ನಾಡಿನ ತುಂಬ ಕೇಳಿಸಿತು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ, ಬೆಳಗಾವಿ, ಧಾರವಾಡ ಜಿಲ್ಲೆಯವರಿಗೆ 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಬುಡ್ನಾ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಶಾಸನಸಭೆ ಪ್ರವೇಶಿಸಿದ ಮೊದಲ ಸಿದ್ದಿ ಅವರು. ಇವರೆಲ್ಲರ ಹೆಸರಿನ ಕೊನೆಯಲ್ಲಿ ಸಮುದಾಯದ ಹೆಸರೇ ಇದೆ. ಹಿಂದೊಮ್ಮೆ ಬೇರೆಯವರು ಇಟ್ಟ ಆ ಹೆಸರನ್ನು ಈಗ ಭಿತ್ತಿಪತ್ರದಲ್ಲಿ ತಾವೇ ಅಚ್ಚು ಹಾಕಿಸುತ್ತಾರೆ.

ಕೌದಿಯ ವಿಚಾರದಲ್ಲಿ ಹಾಗೆ ಇನ್ನೂ ಆಗಿಲ್ಲ. ಪ್ರದರ್ಶನದಲ್ಲಿ ಹೊಲಿದವಳ ಹೆಸರಿನ ಚೀಟಿ ಗೋಡೆಗೆ ಅಂಟುತ್ತದೆ, ಬಟ್ಟೆಗಲ್ಲ. ಮ್ಯೂಸಿಯಂ ಸೇರಿದ ಕೌದಿಯನ್ನು ಬೆಳಕು ತಾಗದಂತೆ, ನುಸಿ ಹತ್ತದಂತೆ ಕಾಪಾಡುತ್ತಾರೆ. ಅದನ್ನು ಇನ್ನು ಯಾರೂ ಹೊದೆಯುವುದಿಲ್ಲ. ಮುಂಡಗೋಡದ ಕಡೆಯ ಮನೆಯಲ್ಲಿ ಉಳಿದ ಕೌದಿ ಮಳೆಗಾಲ ಮುಗಿದ ಮೇಲೆ ಬೇಲಿಯ ಮೇಲೆ ಒಣಗುತ್ತದೆ. ನಾಲ್ಕಾರು ಮಕ್ಕಳನ್ನು ಮಲಗಿಸಿ ಮೂಲೆಯ ಹೂವು ಕಿತ್ತುಬರುತ್ತದೆ, ನಡುವೆ ಬಟ್ಟೆ ಪಿಸಿಯುತ್ತದೆ. ಆಗ ಮನೆಯ ಹೆಂಗಸು ಇನ್ನೊಂದು ಹಳೆಯ ಸೀರೆಯನ್ನು ಹರಡಿ, ಮೂಲೆಯಿಂದ ಮತ್ತೆ ಹೊಲಿಯತೊಡಗುತ್ತಾಳೆ.